ಹಳಿ ಪಕ್ಕದ ಬದುಕನ್ನು ದಾಖಲಿಸುವುದು: ಕಡೂರು–ಚಿಕ್ಕಮಗಳೂರು ಮಾರ್ಗ

ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ದಾಖಲಿಸುವವರಿಗೆ ಇದೇ ದೊಡ್ಡ ಅನುಕೂಲ. ರೈಲಿಲ್ಲದ ಕಾಲ ಕಂಡವರು ಸಖರಾಯಪಟ್ಟಣದ ಸುತ್ತಮುತ್ತ ಈಗಲೂ ಸಿಗುತ್ತಾರೆ. ಅರಸೀಕೆರೆಯಂಥ ಹಳೇ ಜಂಕ್ಷನ್‌ನಲ್ಲಿ ಆ ಭಾಗ್ಯ ಇಲ್ಲ.

ಆದರೆ ಕೇಳುವ ರೀತಿ ಗೊತ್ತಿರಬೇಕು. “ರೈಲು ಬಂದು ಅನುಕೂಲ ಆಯ್ತಾ?” ಅಂದರೆ “ಹೂಂ, ಆಯ್ತು” ಅಂತ ಮಾತು ಅಲ್ಲಿಗೇ ನಿಲ್ಲುತ್ತದೆ. “ಮುಂಚೆ ಬೆಂಗಳೂರಿಗೆ ಹೊರಟರೆ ಎಷ್ಟೊತ್ತಿಗೆ ಮನೆ ಬಿಡ್ತಿದ್ರಿ? ಕಡೂರು ತನಕ ಯಾವ ಬಸ್ಸು? ಗಂಟು ಯಾರು ಹೊರ್ತಿದ್ರು?” ಅಂತ ಕೇಳಿ ನೋಡಿ. ಉತ್ತರವನ್ನು ಅವರ ಆಡುಮಾತಲ್ಲೇ ಬರೆದುಕೊಳ್ಳಿ, ಗ್ರಂಥಸ್ಥ ಮಾಡಬೇಡಿ.

ಫೋಟೊಗೆ ರೈಲಿಗಿಂತ ಅದು ಬರುವ ಮುಂಚಿನ ಅರ್ಧ ಗಂಟೆ ಮುಖ್ಯ. ಚಾವಣಿ ಕೆಳಗೆ ಕೂತವರ ಬೆನ್ನಿಗೆ ಬಯಲ ಬಿಸಿಲಿದ್ದರೆ ಮುಖ ಕಪ್ಪಾಗುತ್ತದೆ, ಕ್ಯಾಮೆರಾ ಆ ಬಿಸಿಲಿಗೆ ಹೊಂದಿಕೊಂಡುಬಿಡುತ್ತದೆ. ಫೋನ್‌ನಲ್ಲಿ ಮುಖದ ಮೇಲೆ ಬೆರಳು ಒತ್ತಿ. ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) +1 ಇಡಿ. ನಡೆಯುವವರಿಗೆ ಶಟರ್ ತೆರೆದಿರುವ ಹೊತ್ತು 1/250 ಸೆಕೆಂಡ್ ಸಾಕು. ಕ್ಯಾಮೆರಾ ಕಂಬಕ್ಕೆ ಆನಿಸಿ 1/30 ಇಟ್ಟರೆ ನಿಂತ ಜನ ಸ್ಪಷ್ಟ, ಹಿಂದಿನ ಬೋಗಿ ಮಸುಕು. ಆಗಷ್ಟೇ ರೈಲಿನ ಓಟ ಚಿತ್ರದಲ್ಲಿ ಕಾಣುತ್ತದೆ. ಮುಖ ಗುರುತಾಗುವ ಫೋಟೊಗೆ ಒಪ್ಪಿಗೆ ಕೇಳಿ, ಮಕ್ಕಳದ್ದಾದರೆ ಹೆತ್ತವರನ್ನು.

ಶೀರ್ಷಿಕೆಯಲ್ಲೇ ಹೆಚ್ಚಿನವರು ಎಡವುವುದು. “ರೈಲಿಗಾಗಿ ಕಾಯುತ್ತಿರುವ ಮಹಿಳೆ” ಅಂತ ಬರೆದರೆ ಕಂಡದ್ದನ್ನೇ ಮತ್ತೆ ಹೇಳಿದಂತೆ. “ನೆಲ ಒದ್ದೆ, ಅದಕ್ಕೇ ಹೂವಿನ ಬುಟ್ಟಿ ಮಡಿಲಲ್ಲಿ. ಮಾರುವುದು ಕಡೂರಲ್ಲಿ, ಮಧ್ಯಾಹ್ನದೊಳಗೆ ವಾಪಸ್” ಅಂತಿದ್ದರೆ ಚಿತ್ರಕ್ಕೆ ಸಿಗದ ಕಾರಣ, ದಿಕ್ಕು, ಹೊತ್ತು ಮೂರೂ ಸಿಕ್ಕವು.

ಹಳಿಗೆ ಇಳಿಯಲೇಬೇಡಿ. ಅತಿಕ್ರಮ ಪ್ರವೇಶಕ್ಕೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಸನ–ಮಂಗಳೂರು ಮಾರ್ಗಕ್ಕೆ ಹೋದರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳ ಮೋಹವೂ ಬೇಡ: ಅಲ್ಲಿ ಕಾಡು ಸಿಗುತ್ತದೆ, ಜನ ಸಿಗುವುದು ಘಾಟಿಗೂ ಮೊದಲು, ಆಲೂರು, ಬಾಳ್ಳುಪೇಟೆ ಕಡೆ.

ಹೊರಡುವ ಮುನ್ನ ಕ್ಯಾಮೆರಾದ ಗಡಿಯಾರವನ್ನು ಫೋನಿಗೆ ಹೊಂದಿಸಿ, ಇಲ್ಲದಿದ್ದರೆ ಯಾವ ಮಾತು ಯಾವ ಫೋಟೊದ್ದು ಅಂತ ಆಮೇಲೆ ತಾಳೆ ಆಗುವುದಿಲ್ಲ. ಫೈಲಿಗೆ ದಿನಾಂಕ, ನಿಲ್ದಾಣ, ಕ್ರಮಸಂಖ್ಯೆ ಸಾಕು. ಟಿಪ್ಪಣಿಯನ್ನು ಅದೇ ರಾತ್ರಿ ಮುಗಿಸಿ. ಮಾರನೇ ದಿನಕ್ಕೆ ಬುಟ್ಟಿ ನೆನಪಿರುತ್ತದೆ, ಒದ್ದೆ ನೆಲ ಮರೆತಿರುತ್ತದೆ.