ಪಾಯಿಂಟ್ ಹಾಕುವ ಯಂತ್ರಕ್ಕೆ ಕಾಣುವುದೇನು, ಕಾಣದ್ದೇನು?

ಬೋರ್‌ವೆಲ್ ಪಾಯಿಂಟ್ ಹಾಕಲು ಬರುವವರ ಕೈಯಲ್ಲಿ ಈಗ ತೆಂಗಿನಕಾಯಿ, ಬೇವಿನ ಕವಲುಕಡ್ಡಿಯ ಜೊತೆಗೋ ಅದರ ಬದಲಿಗೋ ಒಂದು ಪೆಟ್ಟಿಗೆ ಇರುತ್ತದೆ. ಪೆಟ್ಟಿಗೆಯಿಂದ ನಾಲ್ಕು ವೈರು, ವೈರಿನ ತುದಿಗೆ ನಾಲ್ಕು ಕಬ್ಬಿಣದ ಗೂಟ. ಅರ್ಧ ಗಂಟೆ ಹೊಲದಲ್ಲಿ ಓಡಾಡಿ, "ಇಲ್ಲಿ 380 ಅಡಿಗೆ ಎರಡೂವರೆ ಇಂಚು ನೀರು" ಎಂದು ಕಲ್ಲು ನೆಟ್ಟು ಹೋಗುತ್ತಾರೆ. ಆ ಪೆಟ್ಟಿಗೆಯ ಹಿಂದೆ ನೂರು ವರ್ಷ ದಾಟಿದ ಗಟ್ಟಿ ಭೌತವಿಜ್ಞಾನವಿದೆ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜೆ 1912ರಲ್ಲಿ ನೆಲಕ್ಕೆ ವಿದ್ಯುತ್ ಹಾಯಿಸಿ ಒಳಗಿನ ಕಲ್ಲನ್ನು ಅಳೆಯಲು ಹೊರಟ. ಮೂರು ವರ್ಷದ ನಂತರ ಅಮೆರಿಕದ ಫ್ರ್ಯಾಂಕ್ ವೆನ್ನರ್ ಗೂಟಗಳಿಗೆ ತನ್ನದೇ ರೀತಿಯ ಜೋಡಣೆ ಕೊಟ್ಟ. ಇಂದಿಗೂ ನಮ್ಮ ಹೊಲಗಳಲ್ಲಿ ಹೆಚ್ಚಾಗಿ ನಡೆಯುವುದು ಇವೆರಡೇ. ಆದರೆ "380 ಅಡಿ" ಎಂಬ ಅಂಕಿಯನ್ನು ಆ ಪೆಟ್ಟಿಗೆ ಹೇಳಿರಲಾರದು, "ಎರಡೂವರೆ ಇಂಚು" ಎಂಬುದನ್ನಂತೂ ಖಂಡಿತ ಹೇಳಿರುವುದಿಲ್ಲ. ಯಾಕೆ ಎಂಬುದು ಸಾಲ ಮಾಡಿ ಕೊರೆಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಯಂತ್ರ ನೀರನ್ನು ಹುಡುಕುವುದಿಲ್ಲ. ನೆಲ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದಷ್ಟೇ ಅಳೆಯುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಗೂಟ ಹೊಡೆಯುತ್ತಾರೆ. ಎರಡು ತುದಿಯ ಗೂಟಗಳು, ಎ ಮತ್ತು ಬಿ, ನೆಲಕ್ಕೆ ಕರೆಂಟು ಕೊಡುತ್ತವೆ. ನಡುವಿನ ಎಂ ಮತ್ತು ಎನ್ ಗೂಟಗಳ ನಡುವೆ ಎಷ್ಟು ವೋಲ್ಟೇಜ್ ಹುಟ್ಟಿತು ಎಂದು ನೋಡುತ್ತಾರೆ. ಎರಡೇ ಗೂಟ ಯಾಕೆ ಸಾಲದು? ಒಣ ಮಣ್ಣು ಕಬ್ಬಿಣಕ್ಕೆ ತಾಗುವ ಜಾಗದಲ್ಲೇ ಸಾವಿರಾರು ಓಮ್ ತಡೆ ಇರುತ್ತದೆ. ಅದರ ಮುಂದೆ ಕೆಳಗಿನ ಬಂಡೆಯ ಸುದ್ದಿ ಮುಳುಗಿಹೋಗುತ್ತದೆ. ಎಂ, ಎನ್ ಗೂಟಗಳಲ್ಲಿ ಕರೆಂಟು ಹರಿಯುವುದೇ ಇಲ್ಲ ಎನ್ನಬಹುದು, ಹಾಗಾಗಿ ಅಲ್ಲಿಯ ತಡೆ ಲೆಕ್ಕ ಕೆಡಿಸುವುದಿಲ್ಲ. ಇಡೀ ವಿಧಾನದ ಜಾಣ್ಮೆ ಇರುವುದೇ ಇಲ್ಲಿ.

ಒಂದು ಅಳತೆಯನ್ನು ಹತ್ತಿರದಿಂದ ನೋಡೋಣ. ನಡುಬಿಂದುವಿನಿಂದ ಎ, ಬಿ ಗೂಟಗಳು ಎರಡೂ ಕಡೆ 50 ಮೀಟರ್ ದೂರದಲ್ಲಿವೆ. ಎಂ, ಎನ್ ಗೂಟಗಳು 5 ಮೀಟರ್ ದೂರದಲ್ಲಿ. 50ರ ವರ್ಗದಿಂದ 5ರ ವರ್ಗ ಕಳೆದರೆ 2475. ಅದನ್ನು ಎಂ-ಎನ್ ನಡುವಿನ ಅಂತರವಾದ 10ರಿಂದ ಭಾಗಿಸಿ, ಪೈನಿಂದ ಗುಣಿಸಿದರೆ ಸುಮಾರು 778. ಇದು ಗೂಟಗಳ ಜೋಡಣೆಯ ಗುಣಾಂಕ. 200 ಮಿಲಿಆಂಪಿಯರ್ ಕರೆಂಟು ಕೊಟ್ಟಾಗ 20 ಮಿಲಿವೋಲ್ಟ್ ಬಂತೆಂದರೆ ರೋಧ 0.1 ಓಮ್. ಗುಣಾಂಕದಿಂದ ಗುಣಿಸಿದರೆ ಸುಮಾರು 78 ಓಮ್-ಮೀಟರ್. ಇದೇ ಆ ಅಂತರದ ತೋರಿಕೆಯ ರೋಧಶೀಲತೆ, ಅಂದರೆ ಅಲ್ಲಿಯ ನೆಲ ವಿದ್ಯುತ್ತನ್ನು ತಡೆಯುವ ಗುಣದ ಅಳತೆ. "ತೋರಿಕೆಯ" ಎಂಬ ಪದವನ್ನು ಬಿಡಬಾರದು. ಮೇಲ್ಮಣ್ಣು, ಮೊರಂ, ಬಂಡೆ ಎಲ್ಲವೂ ಬೆರೆತು ಬಂದ ಒಂದು ಸಂಖ್ಯೆ ಅದು, ಯಾವುದೇ ಒಂದು ಪದರದ್ದಲ್ಲ.

ಇದೇ ಅಳತೆಯನ್ನು ನಡುಬಿಂದು ಕದಲಿಸದೆ, ತುದಿ ಗೂಟಗಳನ್ನು 2, 3, 5, 8, 10, 15, 20, 30 ಮೀಟರ್ ಹೀಗೆ ದೂರ ಒಯ್ಯುತ್ತಾ ಮಾಡುತ್ತಾರೆ. ಗೂಟ ದೂರವಾದಷ್ಟೂ ಕರೆಂಟಿನ ಹೆಚ್ಚು ಪಾಲು ಆಳಕ್ಕೆ ಇಳಿಯುತ್ತದೆ. ಬಂದ ಸಂಖ್ಯೆಗಳನ್ನು ಲಾಗ್-ಲಾಗ್ ಹಾಳೆಯ (ಎರಡೂ ಬದಿಯ ಗುರುತುಗಳು 1, 10, 100 ಎಂದು ಹತ್ತು ಪಟ್ಟಿನಂತೆ ಏರುವ ಹಾಳೆ) ಮೇಲೆ ಗುರುತಿಸಿದರೆ ಒಂದು ವಕ್ರರೇಖೆ. ಬಯಲುಸೀಮೆಯ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆ ಗಟ್ಟಿಕಲ್ಲಿನ ನೆಲದಲ್ಲಿ ಅದು ಸಾಮಾನ್ಯವಾಗಿ ಬಟ್ಟಲಿನಂತೆ ಕಾಣುತ್ತದೆ: ಒಣ ಮೇಲ್ಮಣ್ಣಿನಿಂದ ಎತ್ತರದಲ್ಲಿ ಶುರುವಾಗಿ, ಶಿಥಿಲ ಕಲ್ಲಿನ, ಅಂದರೆ ಕಾಲಕ್ರಮೇಣ ಕೊಳೆತು ಸಡಿಲಗೊಂಡ ಕಲ್ಲಿನ, ತೇವದಿಂದ ತಗ್ಗಿ, ಗಟ್ಟಿ ಬಂಡೆ ತಾಗಿದೊಡನೆ ಏರುತ್ತದೆ. ಆ ಕೊನೆಯ ಏರು 45 ಡಿಗ್ರಿಗೆ ಬಂದರೆ ಕೆಳಗಿರುವುದು ಬಿರುಕಿಲ್ಲದ ಗಟ್ಟಿ ಬಂಡೆ ಎಂದು ಓದಬೇಕು. 45ಕ್ಕಿಂತ ಹೆಚ್ಚು ಕಡಿದಾಗಿ ಏರಿದರೆ ಸಮತಟ್ಟಾದ ಪದರಗಳಿಂದ ಅದು ಬರಲು ಸಾಧ್ಯವಿಲ್ಲ. ಅಳತೆ ತಪ್ಪಿದೆ, ಅಥವಾ ಪಕ್ಕದಲ್ಲೇ ಬೇರೆ ಕಲ್ಲಿದೆ.

ಸ್ಥೂಲವಾಗಿ ಹೇಳುವುದಾದರೆ 10ರಿಂದ 20 ಓಮ್-ಮೀಟರ್ ಇದ್ದರೆ ಜೇಡಿ ಅಥವಾ ಉಪ್ಪುನೀರು. 30ರಿಂದ 100 ನೀರು ಹೀರಿದ ಶಿಥಿಲ ಗ್ರಾನೈಟ್. ನೂರರಿಂದ ಕೆಲವು ನೂರು ಬಿರುಕುಬಿಟ್ಟ ಅಥವಾ ಅರೆಶಿಥಿಲ ಕಲ್ಲು. ಸಾವಿರ ದಾಟಿದರೆ ಗಟ್ಟಿ ಬಂಡೆ. ಉತ್ತರ ಕರ್ನಾಟಕದ ಬಸಾಲ್ಟಿಗೆ, ಕರಾವಳಿಯ ಜಂಬಿಟ್ಟಿಗೆ ಅಂಕಿಗಳೇ ಬೇರೆ. ಕೋಲಾರದಲ್ಲಿ ಕಲಿತ ಕಣ್ಣನ್ನು ವಿಜಯಪುರಕ್ಕೆ ಒಯ್ದರೆ ಎಡವುವುದು ಖಚಿತ.

ಈಗ ಆಳದ ಪ್ರಶ್ನೆ. ಮೇಲೆ ನೋಡಿದ ಶ್ಲಂಬರ್ಜೆ ಜೋಡಣೆ ನೋಡುವ ಆಳವು ಎ-ಬಿ ನಡುವಿನ ಒಟ್ಟು ಉದ್ದದ ಐದನೇ ಒಂದು ಪಾಲು ಎಂದು ಇಟ್ಟುಕೊಳ್ಳಬಹುದು. ಒಂದು ಎಕರೆ ಎಂದರೆ 40 ಗುಂಟೆ, ಚೌಕವಾಗಿದ್ದರೆ ಬದಿ ಸುಮಾರು 64 ಮೀಟರ್. ಮೂಲೆಯಿಂದ ಮೂಲೆಗೆ ವೈರು ಎಳೆದರೂ 90 ಮೀಟರ್. ಅಲ್ಲಿಗೆ ಯಂತ್ರ ನೋಡುವ ಆಳ 18 ಮೀಟರ್, ಅಂದರೆ 60 ಅಡಿಯ ಆಸುಪಾಸು. 380 ಅಡಿಯ ಬಗ್ಗೆ ಏನಾದರೂ ಹೇಳಬೇಕಾದರೆ ಎ-ಬಿ ಅಂತರ ಸುಮಾರು 580 ಮೀಟರ್ ಬೇಕು. ಸಾವಿರ ಅಡಿಗೆ ಒಂದೂವರೆ ಕಿಲೋಮೀಟರ್ ನೇರ ಸಾಲು. ವೈರು ಎಷ್ಟು ದೂರ ಎಳೆದರು ಎಂಬುದನ್ನು ಹೆಜ್ಜೆ ಹಾಕಿ ಅಳೆದರೆ ಸಾಕು, ಅವರು ಹೇಳುವ ಆಳಕ್ಕೆ ಆಧಾರವಿದೆಯೋ ಇಲ್ಲವೋ ತಿಳಿಯುತ್ತದೆ.

ಉದ್ದನೆಯ ಜಾಗ ಸಿಕ್ಕಿದರೂ ತೊಂದರೆ ಮುಗಿಯುವುದಿಲ್ಲ. ಗಟ್ಟಿ ಬಂಡೆಯ ಮೇಲೆ ಕೂತ ತೇವದ ಪದರದಲ್ಲಿ ಯಂತ್ರಕ್ಕೆ ತಿಳಿಯುವುದು ದಪ್ಪವೂ ಅಲ್ಲ, ರೋಧಶೀಲತೆಯೂ ಅಲ್ಲ. ದಪ್ಪವನ್ನು ರೋಧಶೀಲತೆಯಿಂದ ಭಾಗಿಸಿದ ಸಂಖ್ಯೆ ಮಾತ್ರ. 20 ಮೀಟರ್ ದಪ್ಪದ, 60 ಓಮ್-ಮೀಟರಿನ ಒಳ್ಳೆಯ ನೀರಿನ ಪದರ ಒಂದು ಕಡೆ. 5 ಮೀಟರ್ ದಪ್ಪದ, 15 ಓಮ್-ಮೀಟರಿನ ಜೇಡಿ ಇನ್ನೊಂದು ಕಡೆ. ಭಾಗಿಸಿ ನೋಡಿ, ಎರಡಕ್ಕೂ ಬರುವುದು ಮೂರನೇ ಒಂದು, ಅಂದರೆ 0.33. ವಕ್ರರೇಖೆಗಳೂ ಹೆಚ್ಚುಕಡಿಮೆ ಒಂದೇ. ಜೇಡಿಯಲ್ಲಿ ನೀರಿದ್ದರೂ ಅದು ಬಿಟ್ಟುಕೊಡುವುದಿಲ್ಲ. ಇವೆರಡನ್ನು ಬಿಡಿಸಿ ಹೇಳುವುದು ಪಕ್ಕದ ಹೊಲದ ಹಳೆಯ ತೆರೆದ ಬಾವಿಯ ಗೋಡೆ, ಅಕ್ಕಪಕ್ಕದ ಬೋರಿಗೆ ಮೇಲಿನ ಸಡಿಲ ಪದರ ಕುಸಿಯದಂತೆ ಎಷ್ಟು ಅಡಿ ಕೇಸಿಂಗ್ ಕೊಳವೆ ಇಳಿಸಿದರು ಎಂಬ ನೆನಪು. ಒಳ್ಳೆಯ ಭೂವಿಜ್ಞಾನಿ ಪೆಟ್ಟಿಗೆ ಬಿಚ್ಚುವ ಮುನ್ನ ಊರಿನ ಬೋರುಗಳ ಲೆಕ್ಕ ಕೇಳುವುದು ಈ ಕಾರಣಕ್ಕೆ.

ಆಳದ ಬಿರುಕಿನ ಕಥೆ ಇನ್ನೂ ಕಷ್ಟ. 500 ಅಡಿಯಲ್ಲಿ 10 ಸೆಂಟಿಮೀಟರ್ ದಪ್ಪದ, ನೀರು ತುಂಬಿದ ಗ್ಯಾಪ್ ಇದೆ ಎಂದುಕೊಳ್ಳಿ. ಕೊರೆಯುವವರಿಗೆ ಅದು ದೊಡ್ಡ ಅದೃಷ್ಟ. ಅದರ ರೋಧಶೀಲತೆ 20 ಎಂದರೆ ದಪ್ಪವನ್ನು ಭಾಗಿಸಿದಾಗ ಬರುವುದು 0.005. ಮೇಲಿನ ಶಿಥಿಲ ಪದರದ್ದು 0.33. ಗ್ಯಾಪ್‌ನ ಪಾಲು ಅದರ ಶೇ. 1.5 ಮಾತ್ರ. ಹೊಲದಲ್ಲಿ ಎಚ್ಚರಿಕೆಯಿಂದ ಅಳೆದರೂ ಶೇ. 3ರಿಂದ 5ರಷ್ಟು ಏರುಪೇರು ಇದ್ದೇ ಇರುತ್ತದೆ. ಆ ಏರುಪೇರಿನಲ್ಲಿ ಗ್ಯಾಪ್ ಕರಗಿಹೋಗುತ್ತದೆ. ಯಂತ್ರ ಎಷ್ಟೇ ದುಬಾರಿಯಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಸರ್ವೇ ವ್ಯರ್ಥವೇ? ಖಂಡಿತ ಅಲ್ಲ. ನಮ್ಮ ಗಟ್ಟಿಕಲ್ಲಿನ ನಾಡಿನಲ್ಲಿ ನೀರು ಕೂಡಿಡುವುದು ಮೇಲಿನ ಶಿಥಿಲ ಪದರವೇ, ಬಿರುಕು ಬರೀ ಕೊಳವೆ. ಅಂತರ್ಜಲ ಲೆಕ್ಕಾಚಾರದಲ್ಲಿ ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟ್ ತನ್ನ ಗಾತ್ರದ ಶೇ. 3ರಷ್ಟು ನೀರು ಬಿಟ್ಟುಕೊಡುತ್ತದೆ ಎಂದು ಹಿಡಿಯುತ್ತಾರೆ. ಗಟ್ಟಿ ಬಂಡೆ ಶೇ. 0.3. ಒಂದು ಎಕರೆಯ ಕೆಳಗೆ 10 ಮೀಟರ್ ನೀರುಂಡ ಶಿಥಿಲ ಪದರವಿದ್ದರೆ 12 ಲಕ್ಷ ಲೀಟರ್, ಅಷ್ಟೇ ದಪ್ಪದ ಬಂಡೆಯಲ್ಲಿ 1.2 ಲಕ್ಷ. ಈ ಪದರ ಎಲ್ಲಿ ದಪ್ಪ, ಬಂಡೆ ಎಲ್ಲಿ ತಗ್ಗಿದೆ ಎಂಬುದನ್ನು ಯಂತ್ರ ಚೆನ್ನಾಗಿಯೇ ಹೇಳುತ್ತದೆ. ಆದ್ದರಿಂದ ಒಂದೇ ಕಡೆ ಅಳೆದು ಕಲ್ಲು ನೆಡಬಾರದು. ಮೊದಲು ಗೂಟಗಳ ಅಂತರವನ್ನು ಸ್ಥಿರವಾಗಿಟ್ಟು ಇಡೀ ಜೋಡಣೆಯನ್ನು ಹೊಲದ ಉದ್ದಕ್ಕೂ 5 ಅಥವಾ 10 ಮೀಟರಿನಂತೆ ಸರಿಸುತ್ತಾ ಹೋಗಬೇಕು. ಎಲ್ಲಿ ಅಂಕಿ ತಗ್ಗುತ್ತದೋ ಅಲ್ಲಿ ನಿಂತು ಆಳದ ಅಳತೆ ಮಾಡಬೇಕು. ಈಗ 48 ಗೂಟಗಳನ್ನು ಒಮ್ಮೆಗೇ ಹೊಡೆದು ಯಂತ್ರವೇ ಬದಲಾಯಿಸಿ ಅಳೆಯುವ ಟೊಮೊಗ್ರಫಿ ಬಂದಿದೆ. 5 ಮೀಟರ್ ಅಂತರದಲ್ಲಿ ಹೊಡೆದರೆ ಸಾಲು 235 ಮೀಟರ್. ಸುಮಾರು 40 ಮೀಟರ್ ಆಳದವರೆಗಿನ ಚಿತ್ರ ಸಿಗುತ್ತದೆ, ಬಂಡೆಯ ತಗ್ಗುದಿಣ್ಣೆ ಕಣ್ಣಿಗೆ ಕಾಣುತ್ತದೆ. ನೆಟ್ಟಗೆ ಇಳಿದ ಬಿರುಕು ಹುಡುಕಲು ಇನ್ನೊಂದು ದಾರಿಯಿದೆ: ಜಲಾಂತರ್ಗಾಮಿಗಳಿಗಾಗಿ ತಮಿಳುನಾಡಿನ ವಿಜಯನಾರಾಯಣಂನ ಐಎನ್‌ಎಸ್ ಕಟ್ಟಬೊಮ್ಮನ್‌ನಂಥ ನೌಕಾ ಕೇಂದ್ರಗಳು ಬಿಡುವ ಅತಿ ಕಡಿಮೆ ಆವರ್ತನದ ರೇಡಿಯೊ ಅಲೆ, ನೀರು ತುಂಬಿದ ಬಿರುಕಿನ ಮೇಲೆ ಎಷ್ಟು ವಾಲುತ್ತದೆ ಎಂದು ನೋಡುವುದು. ಹಡಗಿನ ಸಂದೇಶ ರೈತನ ಹೊಲದಲ್ಲಿ ಕಲ್ಲಿನ ಬಿರುಕು ತೋರಿಸುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಅಳತೆ ಕೆಡುವುದು ಹೆಚ್ಚಾಗಿ ಸಣ್ಣ ಕಾರಣಗಳಿಂದ. ಬೇಸಿಗೆಯಲ್ಲಿ ತುದಿ ಗೂಟದ ಸುತ್ತ ಮಣ್ಣು ಒಣಗಿ ಕರೆಂಟು ಕೆಲವೇ ಮಿಲಿಆಂಪಿಯರಿಗೆ ಇಳಿಯುತ್ತದೆ. ಉಪ್ಪುನೀರು ಹೊಯ್ದು, ಇನ್ನಷ್ಟು ಆಳಕ್ಕೆ ಹೊಡೆಯಬೇಕು, ಅಥವಾ ಪಕ್ಕದಲ್ಲೇ ಇನ್ನೆರಡು ಗೂಟ ಹೊಡೆದು ಒಂದೇ ವೈರಿಗೆ ಸೇರಿಸಬೇಕು. ಆದರೆ ಅಂತರ ಚಿಕ್ಕದಿದ್ದಾಗ ಗೂಟವನ್ನು ಅಂತರದ ಇಪ್ಪತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿಸಬಾರದು, ಸೂತ್ರ ಗೂಟವನ್ನು ಒಂದು ಚುಕ್ಕಿ ಎಂದೇ ಎಣಿಸುತ್ತದೆ. ತಂತಿಬೇಲಿ, ಹೂತ ಜಿಐ ಪೈಪು, ಹಳೆಯ ಬೋರಿನ ಕಬ್ಬಿಣದ ಕೇಸಿಂಗ್ ಕರೆಂಟನ್ನು ತಮ್ಮತ್ತ ಎಳೆದುಕೊಂಡು ಸುಳ್ಳು ತಗ್ಗು ತೋರಿಸುತ್ತವೆ. ಅದನ್ನೇ ನೀರೆಂದು ಓದಿದವರಿದ್ದಾರೆ. ಬೇಲಿಗೆ ಸಮಾನಾಂತರವಾಗಿ ಸಾಲು ಹಾಕಬೇಡಿ, ಅಡ್ಡಲಾಗಿ ಹಾಕಿ. ಗದ್ದೆಯಲ್ಲಿ ಸಿಪ್ಪೆ ಹೋದ ವೈರು ಒದ್ದೆ ಮಣ್ಣಿಗೆ ತಾಗಿದರೆ ಕರೆಂಟು ನಡುವೆಯೇ ಸೋರುತ್ತದೆ. ಎಂ-ಎನ್ ಅಂತರ ಹೆಚ್ಚಿಸುವಾಗ ಹಳೆಯ ಅಂತರದಲ್ಲೂ ಹೊಸದರಲ್ಲೂ ಎರಡು ಬಾರಿ ಅಳೆದು ಹೊಂದಿಸದಿದ್ದರೆ ರೇಖೆ ಒಮ್ಮೆಗೇ ಜಿಗಿಯುತ್ತದೆ. ಆ ಜಿಗಿತ ಪದರವಲ್ಲ. ಅಂಕಿಗಳ ಪಟ್ಟಿ ಮತ್ತು ರೇಖೆಯ ಹಾಳೆಯನ್ನು ಕೇಳಿ ಪಡೆಯಿರಿ. ಅದು ನಿಮ್ಮ ದುಡ್ಡಿಗೆ ಬಂದ ಫಲ.

ಕೊರೆದ ಮೇಲಿನ "ಇಂಚು" ಕೂಡ ಬಿಡಿಸಿ ನೋಡಬೇಕಾದದ್ದು. ಅದು 90 ಡಿಗ್ರಿಯ ವಿ-ಕಚ್ಚಿನಲ್ಲಿ, ಅಂದರೆ ನೀರು ಹರಿದುಹೋಗಲು ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಿಂಡಿಯಲ್ಲಿ, ನೀರು ಏರುವ ಎತ್ತರ. ಹರಿವು ಎತ್ತರದ ಎರಡೂವರೆ ಘಾತಕ್ಕೆ ಏರುತ್ತದೆ. ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು 2,900, ಮೂರು ಇಂಚು 8,000. ಇಂಚು ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ಒಂದೂವರೆ ಮತ್ತು ಎರಡರ ನಡುವಿನ ಕಣ್ಣಳತೆಯ ತಪ್ಪು ಸಣ್ಣದಲ್ಲ, ನೀರು ದುಪ್ಪಟ್ಟಾಗಿಬಿಡುತ್ತದೆ.

ಲಾರಿಯ ಕಂಪ್ರೆಸರ್ ಎತ್ತಿ ಚೆಲ್ಲುವ ನೀರನ್ನು ನೋಡಿ ಪಂಪು ಕೊಳ್ಳಬೇಡಿ. ಆರೂವರೆ ಇಂಚಿನ ಬೋರು ಪ್ರತಿ ಅಡಿಗೆ ಆರೂವರೆ ಲೀಟರ್ ಹಿಡಿಯುತ್ತದೆ. ಸಾವಿರ ಅಡಿಯ ಬೋರಿನಲ್ಲಿ ನೀರು 200 ಅಡಿಗೆ ನಿಂತಿದ್ದರೆ ಒಳಗೆ 5,200 ಲೀಟರ್ ತುಂಬಿರುತ್ತದೆ. ಎರಡು ಇಂಚಿನ ಹರಿವಿನಲ್ಲಿ ಸುಮಾರು ಒಂದು ಮುಕ್ಕಾಲು ಗಂಟೆ ಪಂಪು ಮಾಡಿದರೂ ಬಂದದ್ದೆಲ್ಲ ಕೊಳವೆಯೊಳಗಿನ ನೀರೇ ಆಗಿರಬಹುದು. ಕಲ್ಲು ಎಷ್ಟು ಕೊಡುತ್ತದೆ ಎಂದು ತಿಳಿಯಲು ಒಂದೇ ಹರಿವಿನಲ್ಲಿ ಬಹಳ ಹೊತ್ತು ಪಂಪು ಓಡಿಸಿ, ಒಳಗಿನ ಮಟ್ಟವನ್ನು 1, 2, 5, 10, 20, 30, 60 ನಿಮಿಷಕ್ಕೆ, ಆಮೇಲೆ ಗಂಟೆಗೊಮ್ಮೆ ಅಳೆಯಬೇಕು. ಮಟ್ಟ ಒಂದು ಕಡೆ ನಿಂತರೆ ಹೊರಗಿನಿಂದ ನೀರು ಬರುತ್ತಿದೆ. ಇಳಿಯುತ್ತಲೇ ಹೋದರೆ ಪಂಪನ್ನು ಚಿಕ್ಕದು ಮಾಡಿಕೊಳ್ಳಬೇಕು. ನಿಲ್ಲಿಸಿದ ಮೇಲೂ ಅಳೆಯುವುದನ್ನು ಬಿಡಬಾರದು: ಪಂಪು ಓಡಿದಷ್ಟೇ ಹೊತ್ತು ಕಾದರೂ ಮಟ್ಟ ಮೊದಲಿನ ಗುರುತಿಗೆ ಸಾಕಷ್ಟು ಕೆಳಗೇ ನಿಂತರೆ, ಸಿಕ್ಕಿದ ಬಿರುಕು ಸುತ್ತ ಮುಚ್ಚಿಕೊಂಡ ಸಣ್ಣ ತೊಟ್ಟಿ, ಮೇಲಿನ ಶಿಥಿಲ ಪದರದ ಜೊತೆ ಅದಕ್ಕೆ ಸರಿಯಾದ ಸಂಪರ್ಕವಿಲ್ಲ.