ಆ ಮಂಜು ಎಡಿಟ್ ಮಾಡಿದ್ದಲ್ಲ

ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿರುವ ಬೊಟಾಲಕ್ ಗಣಿಯ ಫೋಟೋ ನೀವೂ ನೋಡಿರಬಹುದು. ಕಡಿದಾದ ಬಂಡೆಯ ಮೇಲೆ ಎರಡು ಪಾಳು ಎಂಜಿನ್ ಮನೆಗಳು, ಕಾಲಬುಡದಲ್ಲಿ ಮಂಜಿನಂತೆ ಹರಡಿದ ಅಟ್ಲಾಂಟಿಕ್. ಅದನ್ನು ನೋಡಿದ ಕೂಡಲೇ ‘ಎಡಿಟಿಂಗ್ ಕಣ್ರೀ’ ಎನ್ನುವವರು ಎಲ್ಲ ಕಡೆ ಇರುತ್ತಾರೆ. ಈಗಂತೂ ‘ಎಐ’ ಅಂದುಬಿಟ್ಟರೆ ಮಾತೇ ಮುಗಿಯಿತು! ನನಗೆ ಮಾತ್ರ ಸುಮ್ನಿರೋಕೆ ಆಗಲ್ಲ. ಆ ಮಂಜು ಬರೀ ಸರಾಸರಿ ಲೆಕ್ಕ: ಕ್ಯಾಮೆರಾದ ಷಟರ್ ತುಂಬ ಹೊತ್ತು ತೆರೆದಿಟ್ಟಾಗ ಅಲೆಗಳೆಲ್ಲ ಒಂದರಲ್ಲೊಂದು ಬೆರೆತದ್ದು.

ಷಟರ್ ತೆರೆದಿರುವಷ್ಟು ಹೊತ್ತೂ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಒಂದೊಂದು ಚುಕ್ಕಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಕೂಡಿಸುತ್ತಾ ಹೋಗುತ್ತದೆ. ಡೇರಿಯ ಕ್ಯಾನಿಗೆ ಸುರಿದ ಹಾಲಿನ ಹಾಗೆ: ಯಾರ ಮನೆಯದು ಎಷ್ಟು ಅಂತ ಆಮೇಲೆ ಗೊತ್ತಾಗುವುದಿಲ್ಲ, ಒಟ್ಟು ಮಾತ್ರ ಉಳಿಯುತ್ತದೆ. ಸಂಜೆ ಬೆಳಕಲ್ಲಿ ಸೆಕೆಂಡಿನ ಎಂಟನೇ ಒಂದು ಭಾಗ ಸಾಕಾಗುತ್ತಿತ್ತು ಅಂತಿಟ್ಟುಕೊಳ್ಳಿ. ಲೆನ್ಸ್ ಮುಂದೆ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು; ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಹಾಕಿದರೆ ಬೆಳಕು ಹತ್ತು ಸಲ ಅರ್ಧಕ್ಕೆ ಅರ್ಧವಾಗಿ 1024ನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ 128 ಸೆಕೆಂಡು ಬೇಕು. ಹತ್ತು ಸೆಕೆಂಡಿಗೊಂದು ಅಲೆ ಅಂದರೂ ಒಂದೇ ಚಿತ್ರದಲ್ಲಿ ಒಂದು ಡಜನ್ ಅಲೆಗಳು.

ಬಂಡೆಯ ಬುಡವನ್ನು ಹತ್ತಿರದಿಂದ ನೋಡಿ. ಪ್ರತಿ ಅಲೆಯೂ ಒಡೆಯುವ ಕಡೆ ದಟ್ಟ ಬಿಳಿ. ಸ್ವಲ್ಪ ಮೇಲೆ, ದೊಡ್ಡ ಅಲೆ ಮಾತ್ರ ಮುಟ್ಟುವ ಕಡೆ, ಮಸುಕು ಬೂದು. ಅದಕ್ಕೂ ಮೇಲೆ ಕಪ್ಪು ಕಲ್ಲು. ಅಂದರೆ ಎಲ್ಲಿ ಎಷ್ಟು ಹೊತ್ತು ನೊರೆ ಇತ್ತು ಎಂಬುದನ್ನು ಆ ಮಂಜೇ ಹೇಳುತ್ತಿದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತೆಗೆದ ‘ಅಸಲಿ’ ಫೋಟೋದಲ್ಲಿ ಇಷ್ಟು ಮಾಹಿತಿ ಸಿಗುವುದಿಲ್ಲ, ಅಲ್ವಾ?

ಇದೇನು ಹೊಸದಲ್ಲ. 1838ರಲ್ಲಿ ಫೋಟೋಗ್ರಫಿಯ ಆದಿಪುರುಷರಲ್ಲೊಬ್ಬರಾದ ಫ್ರಾನ್ಸಿನ ಡಾಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರ ಬಹುತೇಕ ಖಾಲಿ ಕಾಣುತ್ತದೆ. ಆಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಹಾಗಾಗಿ ಓಡಾಡುವ ಜನ, ಗಾಡಿ ಎಲ್ಲ ಸರಾಸರಿಯಲ್ಲಿ ಕರಗಿಹೋದರು. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನು ಮಾತ್ರ ಉಳಿದ. ನಿಜವಾದ ಎಡಿಟಿಂಗ್ ಬೇಕೇ? 1850ರ ದಶಕದ ಫ್ರೆಂಚ್ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ ಅವರನ್ನು ನೋಡಿ. ಆಗಿನ ಪ್ಲೇಟುಗಳಲ್ಲಿ ಕಡಲು ಸರಿಯಾಗಿ ಮೂಡಿದರೆ ಆಕಾಶ ಬೆಳ್ಳಗೆ ಬೋಳಾಗುತ್ತಿತ್ತು. ಅವರು ಆಕಾಶಕ್ಕೊಂದು, ಕಡಲಿಗೊಂದು ನೆಗೆಟಿವ್ ತೆಗೆದು ಜೋಡಿಸಿದರು!

ಇನ್ನು ಆ ಎಂಜಿನ್ ಮನೆಗಳ ಗೋಡೆಗಳು. ಬೊಟಾಲಕ್‌ನ ಸುರಂಗಗಳು ತವರ, ತಾಮ್ರ ಹುಡುಕಿ ಕಡಲತಳದ ಅಡಿಗೂ ಹೋಗಿದ್ದವು. ನೀರೆತ್ತುವ ಉಗಿ ಎಂಜಿನ್ನಿನ ದೈತ್ಯ ತೊಲೆ ತೂಗುತ್ತಿದ್ದದ್ದು ಕಟ್ಟಡದ ಒಂದು ಗೋಡೆಯ ಮೇಲೆ. ಆ ಭಾರ ಹೊರಲು ಅದನ್ನು ಉಳಿದವುಗಳಿಗಿಂತ ದಪ್ಪಗೆ ಕಟ್ಟುತ್ತಿದ್ದರು. ಕಬ್ಬಿಣ ಹೋಯಿತು, ಚಾವಣಿ ಹೋಯಿತು, ಕಲ್ಲು ನಿಂತಿದೆ. (ಇದೇ ಕಾರ್ನ್‌ವಾಲಿನ ಗಣಿಗಾರರು ನಮ್ಮ ಕೆಜಿಎಫ್‌ಗೂ ಬಂದಿದ್ದರು.)

ಇಂಥ ಫೋಟೋ ತೆಗೆಯಲು ಹೋಗುವವರಿಗೆ ಒಂದು ಮಾತು. ಸರಾಸರಿ ಲೆಕ್ಕ ಗೋಡೆಗೂ ಅನ್ವಯ. ಆ ಗಾಳಿಗೆ ಟ್ರೈಪಾಡ್ ಒಂದು ಕೂದಲೆಳೆ ಅಲುಗಿದರೂ ಗೋಡೆಯೂ ಮಂಜಾಗುತ್ತದೆ. ನಡುವಿನ ಕಂಬ ಎತ್ತಬೇಡಿ. ಭಾರಕ್ಕೆ ಬ್ಯಾಗ್ ನೇತುಹಾಕಿದರೆ ಅದು ನೆಲ ಮುಟ್ಟಿರಲಿ, ಜೋಲಾಡುವ ಬ್ಯಾಗಿನಿಂದ ಅಲುಗಾಟ ಇನ್ನೂ ಜಾಸ್ತಿ.