ಕ್ಯಾತಿಟರ್ ತೆಗೆಯಲು ಬರೆದವರಿಲ್ಲ

ಆಸ್ಪತ್ರೆಯ ಸೋಂಕು ನಿಯಂತ್ರಣ ಎಂದೊಡನೆ ಹೆಚ್ಚಿನವರ ಕಣ್ಣು ನೆಲದ ಕಡೆ ಹೋಗುತ್ತದೆ. ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ವಾರ್ಡು ಶುಚಿಯಾಗಿದೆಯೆಂದು ರೋಗಿಯ ಕಡೆಯವರು ನೆಮ್ಮದಿಪಡುತ್ತಾರೆ. ಸೂಕ್ಷ್ಮಜೀವಿ ವಿಭಾಗದ ವೈದ್ಯನಾಗಿ ವಾರ್ಡು ಸುತ್ತುವಾಗ ನಾನು ಮೊದಲು ನೋಡುವುದು ಮಂಚದ ಪಕ್ಕ ತೂಗುತ್ತಿರುವ ಯೂರಿನ್ ಬ್ಯಾಗನ್ನು, ಅಂದರೆ ಮೂತ್ರಕೋಶಕ್ಕೆ ಹಾಕಿದ ಕ್ಯಾತಿಟರ್ ಎಂಬ ನಳಿಕೆಯಿಂದ ಮೂತ್ರ ಬಂದು ಸೇರುವ ಚೀಲವನ್ನು.

ಒಮ್ಮೆ, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ಹಿರಿಯರೊಬ್ಬರು ಆರನೆಯ ದಿನ ವಾಕರ್ ಹಿಡಿದು ನಡೆಯುತ್ತಿದ್ದರು. ಅವರ ಮಗ ಯೂರಿನ್ ಬ್ಯಾಗನ್ನು ತನ್ನ ಎದೆಯ ಎತ್ತರಕ್ಕೆ ಎತ್ತಿಹಿಡಿದು ಬಹಳ ಮುತುವರ್ಜಿಯಿಂದ ಜೊತೆಯಲ್ಲಿ ಹೆಜ್ಜೆ ಹಾಕುತ್ತಿದ್ದ. ನಡೆಯಬಲ್ಲವರಿಗೆ ಕ್ಯಾತಿಟರ್ ಏಕೆಂದು ಕೇಳಿದೆ. ತೆಗೆಯಲು ಡಾಕ್ಟರು ಬರೆದಿಲ್ಲ ಸರ್ ಎಂದರು ಸಿಸ್ಟರ್. ಅದು ಇನ್ನೂ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ ಎಂದರು ಡಾಕ್ಟರು. ಕ್ಯಾತಿಟರ್ ಹಾಕಲು ಆದೇಶ ಬೇಕು, ತೆಗೆಯಲೂ ಆದೇಶ ಬೇಕು. ಸುಮ್ಮನೆ ಉಳಿದುಕೊಳ್ಳಲು ಮಾತ್ರ ಯಾರ ಸಹಿಯೂ ಬೇಕಿಲ್ಲ.

ಕ್ಯಾತಿಟರ್ ಇರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಸುಮಾರು 3ರಿಂದ 7 ಪ್ರತಿಶತದಷ್ಟು ಇರುತ್ತದೆ, ತಿಂಗಳು ತುಂಬುವ ಹೊತ್ತಿಗೆ ಬಹುತೇಕ ಎಲ್ಲರಲ್ಲೂ ಅವು ಸೇರಿರುತ್ತವೆ. ಕೆಲವು ಬ್ಯಾಕ್ಟೀರಿಯಾ ನಳಿಕೆಯ ಹೊರಮೈ ಹಿಡಿದು ಮೇಲೇರುತ್ತವೆ. ಮತ್ತೆ ಕೆಲವು, ಬ್ಯಾಗು ಖಾಲಿ ಮಾಡುವಾಗ ಅಥವಾ ಜೋಡಣೆ ಬಿಚ್ಚಿದಾಗ ಒಳದಾರಿಯಿಂದ ನುಗ್ಗುತ್ತವೆ. ಆ ಮಗ ಮಾಡಿದಂತೆ ಬ್ಯಾಗನ್ನು ಮೂತ್ರಕೋಶಕ್ಕಿಂತ ಮೇಲೆತ್ತಿದರೆ ಬ್ಯಾಗಿನೊಳಗೆ ನಿಂತ ಮೂತ್ರ ಹಿಂದಕ್ಕೆ ಹರಿಯಬಹುದು. ಸ್ಟ್ರೆಚರ್ ಮೇಲೆ ಸ್ಕ್ಯಾನಿಂಗಿಗೆ ಒಯ್ಯುವಾಗ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲಿಡುವುದೂ ಇದೇ ತಪ್ಪು, ಇದನ್ನು ಮಾಡುವವರು ನಮ್ಮವರೇ. ಬ್ಯಾಗು ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು.

ನಳಿಕೆಯ ಗೋಡೆಗೆ ಅಂಟಿದ ಬ್ಯಾಕ್ಟೀರಿಯಾ ತಮ್ಮ ಸುತ್ತ ಲೋಳೆಯ ಪದರವೊಂದನ್ನು ಕಟ್ಟಿಕೊಳ್ಳುತ್ತವೆ. ಆ ಪದರದೊಳಗೆ ಆ್ಯಂಟಿಬಯಾಟಿಕ್ ಸರಿಯಾಗಿ ಕೆಲಸ ಮಾಡದ ಕಾರಣ, ನಳಿಕೆಯನ್ನು ಹಾಗೆಯೇ ಬಿಟ್ಟು ಔಷಧವನ್ನಷ್ಟೇ ಬದಲಿಸುತ್ತ ಹೋಗುವುದು ಬೆಂಕಿಯನ್ನು ಒಲೆಯಲ್ಲೇ ಬಿಟ್ಟು ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ. ಇನ್ನೊಂದು ಮಾತನ್ನು ಕಿರಿಯ ವೈದ್ಯರಿಗೆ ಪದೇಪದೇ ಹೇಳುತ್ತೇನೆ. ಕ್ಯಾತಿಟರ್ ಇರುವವರ ಮೂತ್ರ ಕದಡಿದೆ ಅಥವಾ ವಾಸನೆ ಬರುತ್ತಿದೆ ಎಂಬುದು ಸೋಂಕಿನ ಲಕ್ಷಣವಲ್ಲ. ಜ್ವರವಾಗಲಿ ಬೇರೆ ತೊಂದರೆಯಾಗಲಿ ಇಲ್ಲದಿದ್ದರೆ, ಗರ್ಭಿಣಿಯರಂಥ ಕೆಲವರನ್ನು ಬಿಟ್ಟು, ಮೂತ್ರವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳುಹಿಸುವ ಅಗತ್ಯವೇ ಇರುವುದಿಲ್ಲ. ಕಳುಹಿಸಲೇಬೇಕಾದಾಗ ಬ್ಯಾಗಿನಿಂದ ಮೂತ್ರ ಹಿಡಿಯದೆ, ನಳಿಕೆಯಲ್ಲಿ ಅದಕ್ಕೆಂದೇ ಇರುವ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಸಿರಿಂಜಿನಲ್ಲಿ ಎಳೆಯಬೇಕು. ಬ್ಯಾಗಿನಲ್ಲಿ ಗಂಟೆಗಟ್ಟಲೆ ಬೆಳೆದ ಬ್ಯಾಕ್ಟೀರಿಯಾವನ್ನು ನಮ್ಮ ಪ್ರಯೋಗಾಲಯ ನಿಷ್ಠೆಯಿಂದ ಹೆಸರಿಸಿ ಕಳುಹಿಸುತ್ತದೆ. ಅದನ್ನು ನಂಬಿ ಬೇಡದ ಔಷಧ ಕೊಟ್ಟಾಗ ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತವೆ.

ಅವು ಪಕ್ಕದ ಮಂಚಕ್ಕೆ ದಾಟುವುದು ಕೈಯ ಮೂಲಕ. ಒಂದೇ ಪ್ಲಾಸ್ಟಿಕ್ ಜಗ್ಗು ಹಿಡಿದು, ಒಂದೇ ಜೊತೆ ಗ್ಲೌಸಿನಲ್ಲಿ, ಸಾಲಾಗಿ ಎಲ್ಲರ ಬ್ಯಾಗು ಖಾಲಿ ಮಾಡುವುದನ್ನು ನಾನು ಕಂಡಿದ್ದೇನೆ. ಗ್ಲೌಸು ಹಾಕಿದವರ ಕೈಯನ್ನು ಕಾಪಾಡುತ್ತದೆ, ಮುಂದಿನ ರೋಗಿಯನ್ನಲ್ಲ. ಪ್ರತಿ ರೋಗಿಗೂ ಬೇರೆ ಪಾತ್ರೆ, ಬೇರೆ ಗ್ಲೌಸು ಇರಬೇಕು. ಗ್ಲೌಸು ಕಳಚಿದ ಮೇಲೆ ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡು ಬೇಕು.

ಹಾಗೆಂದು ದೂರನ್ನೆಲ್ಲ ಸಿಸ್ಟರುಗಳ ಮೇಲೆ ಹೊರಿಸುವುದು ಅನ್ಯಾಯ. ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗಳನ್ನು ಇಬ್ಬರು ನೋಡಿಕೊಳ್ಳಬೇಕಾದ ಕಡೆ, ಎದ್ದು ಹೋಗಲಾಗದ ಅಜ್ಜಿಗೆ ಕ್ಯಾತಿಟರ್ ಹಾಕಿಬಿಡುವುದೇ ಸುಲಭವೆನಿಸುತ್ತದೆ. ಆದರೆ ಮೂತ್ರ ಕಟ್ಟಿಕೊಂಡಾಗ, ತೀವ್ರ ನಿಗಾ ಘಟಕದಲ್ಲಿ ಗಂಟೆಗಂಟೆಗೆ ಮೂತ್ರ ಅಳೆಯಬೇಕಾದಾಗ, ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ, ಮೂತ್ರ ತಡೆಯಲಾಗದವರ ಬೆನ್ನಿನ ಕೆಳಗಿನ ಗಾಯ ಮಾಯಬೇಕಾದಾಗ ಅದು ನಿಜಕ್ಕೂ ಬೇಕು. ಬರೀ ಬಟ್ಟೆ ಒದ್ದೆಯಾಗುತ್ತದೆಂಬುದು ಕಾರಣವಾಗದು. ಗಂಡಸರಿಗೆ ಹೊರಗಿನಿಂದಲೇ ತೊಡಿಸುವ ಕಾಂಡೋಮ್ ಕ್ಯಾತಿಟರ್ ಇದೆ, ಡೈಪರ್ ತೂಗಿ ಮೂತ್ರದ ಅಂದಾಜು ಮಾಡಬಹುದು.

ಆ ಹಿರಿಯರ ನಂತರ ನಾವು ಒಂದು ಸಣ್ಣ ಬದಲಾವಣೆ ಮಾಡಿದೆವು: ಕೇಸ್ ಶೀಟಿನಲ್ಲಿ ದಿನವೂ ಬೆಳಿಗ್ಗೆ ಕ್ಯಾತಿಟರ್ ಇನ್ನೂ ಏಕೆ ಬೇಕೆಂದು ವೈದ್ಯರು ಬರೆಯಬೇಕು, ಕಾರಣ ಬರೆಯದಿದ್ದರೆ ಸಿಸ್ಟರೇ ಅವರನ್ನು ಕೇಳಿ ತೆಗೆಯಬಹುದು. ಮೂತ್ರನಾಳದ ಶಸ್ತ್ರಚಿಕಿತ್ಸೆಯಾದವರು ಇದಕ್ಕೆ ಹೊರತು. ರೋಗಿಯ ಕಡೆಯವರು ರೌಂಡ್ಸಿನಲ್ಲಿ ಇದೇ ಪ್ರಶ್ನೆ ಕೇಳಿದರೆ ಅದನ್ನು ಉದ್ಧಟತನವೆಂದು ನಾನು ಎಣಿಸುವುದಿಲ್ಲ. ತಾವೇ ಎಳೆದು ತೆಗೆಯಲು ಮಾತ್ರ ಹೋಗಬಾರದು, ನಳಿಕೆಯನ್ನು ಹಿಡಿದಿಡಲು ಒಳಗೆ ನೀರು ತುಂಬಿದ ಬಲೂನಿರುತ್ತದೆ.

ಇದರಲ್ಲೊಂದು ತಮಾಷೆಯಿದೆ. ನಾವು ಸೋಂಕಿನ ದರವನ್ನು 1,000 ಕ್ಯಾತಿಟರ್ ದಿನಗಳಿಗೆ ಇಷ್ಟು ಎಂದು ಲೆಕ್ಕ ಹಾಕುತ್ತೇವೆ; ಒಬ್ಬ ರೋಗಿಗೆ ಒಂದು ದಿನ ಕ್ಯಾತಿಟರ್ ಇದ್ದರೆ ಅದು ಒಂದು ಕ್ಯಾತಿಟರ್ ದಿನ. ಬೇಡದ ಕ್ಯಾತಿಟರ್ ತೆಗೆಯುತ್ತ ಹೋದಂತೆ, ನಿಜವಾಗಿ ಬೇಕಾದ, ಹೆಚ್ಚು ಕಾಯಿಲೆಯಿರುವ ರೋಗಿಗಳ ದಿನಗಳಷ್ಟೇ ಲೆಕ್ಕದಲ್ಲಿ ಉಳಿಯುವುದರಿಂದ, ಸೋಂಕುಗಳ ಸಂಖ್ಯೆ ಇಳಿದರೂ ದರ ಏರಿದಂತೆ ಕಾಣಬಹುದು. ಮಾಸಿಕ ಸಭೆಯಲ್ಲಿ ಆಡಳಿತದವರು ಗ್ರಾಫ್ ತೋರಿಸಿ ಇದೇಕೆ ಮೇಲೆ ಹೋಗಿದೆ ಎಂದು ಕೇಳಿದಾಗ, ಪಕ್ಕದಲ್ಲಿ ಒಟ್ಟು ಕ್ಯಾತಿಟರ್ ದಿನಗಳ ಇನ್ನೊಂದು ಗ್ರಾಫನ್ನೂ ಇಟ್ಟು ವಿವರಿಸುವ ತಾಳ್ಮೆ ನಮಗಿರಬೇಕಾಗುತ್ತದೆ.